ಅಡ್ಡಕಂಬಿಯ ಸವಾರಿ

ಹೊಸ ಸೈಕಲ್ ಕೊಳ್ಳಲು ನಮ್ಮ ಅಂಗಡಿಗೆ ಬಂದವರನ್ನು ಅಪ್ಪ ಮೊದಲು ಯಾವ ಬಣ್ಣ ಬೇಕು ಅಂತ ಕೇಳುತ್ತಿರಲಿಲ್ಲ. “ಚಪ್ಪಲಿ ಬಿಟ್ಟು ಗೋಡೆಗೆ ಬೆನ್ನು ಕೊಟ್ಟು ನಿಂತ್ಕೊಳ್ಳಿ” ಅನ್ನುತ್ತಿದ್ದರು. ಕೈಗೊಂದು ದಪ್ಪ ರಟ್ಟಿನ ಪುಸ್ತಕ ಕೊಟ್ಟು, ಅದನ್ನು ಎರಡು ಕಾಲಿನ ನಡುವೆ ಇಟ್ಟುಕೊಂಡು, ಸೀಟಿನ ಮೇಲೆ ಕೂತರೆ ಎಷ್ಟು ಒತ್ತುತ್ತದೋ ಅಷ್ಟು ಬಿಗಿಯಾಗಿ ಮೇಲಕ್ಕೆ ಹಿಡಿಯಲು ಹೇಳುತ್ತಿದ್ದರು. ಪುಸ್ತಕದ ಮೇಲಂಚು ಗೋಡೆಗೆ ತಾಗಿದ ಕಡೆ ಪೆನ್ಸಿಲಿನಲ್ಲಿ ಒಂದು ಗೆರೆ ಬೀಳುತ್ತಿತ್ತು. ನೆಲದಿಂದ ಆ ಗೆರೆಯವರೆಗಿನದು ಒಳಗಾಲಿನ ಅಳತೆ. ಅದರಲ್ಲಿ ಮೂರರಲ್ಲಿ ಎರಡು ಪಾಲು ಎಷ್ಟೋ, ಅಷ್ಟು ಇಂಚಿನ ಫ್ರೇಮು ಆ ಮನುಷ್ಯನಿಗೆ ಸರಿ. “ಸೀಟು ಏರಿಸ್ಬೋದು, ಇಳಿಸ್ಬೋದು. ಹ್ಯಾಂಡಲ್ ಬದಲಾಯಿಸ್ಬೋದು. ಫ್ರೇಮನ್ನ ಮಾತ್ರ ಏನೂ ಮಾಡಕ್ಕಾಗಲ್ಲ, ಅದು ಮೂಳೆ” ಎನ್ನುವುದು ಅವರು ದಿನಕ್ಕೆ ಹತ್ತು ಸಲ ಆಡುತ್ತಿದ್ದ ಮಾತು.

ನಾನು ಓದು ಮುಗಿಸಿ ಅಂಗಡಿಯಲ್ಲಿ ಕೂರಲು ಶುರುಮಾಡಿದ ವರ್ಷ ಒಬ್ಬ ಲೈನ್‌ಮ್ಯಾನ್ ಬಂದರು. ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರಬೇಕಾದಷ್ಟು ಎತ್ತರ. ಕರೆಂಟಿನ ಕಂಬ ಹತ್ತುವ ಕೆಲಸ ಬೇರೆ, ಹಾಗಾಗಿ ಅವರನ್ನು ಊರೆಲ್ಲ ‘ಕಂಬ’ ಎಂದೇ ಕರೆಯುತ್ತಿತ್ತು. ಕಂಬದ ಮೇಲೆ ಕಂಬ ಹತ್ತಿದೆ ಎಂದು ನಕ್ಕರೆ ಅವರೂ ನಗುತ್ತಿದ್ದರು. ಜೊತೆಯಲ್ಲಿ ಹೊಸ ಹೆಂಡತಿ. ಆಕೆಯ ತಲೆ ಗಂಡನ ಎದೆಗೂ ಬರುತ್ತಿರಲಿಲ್ಲ. ಅಪ್ಪ ಗಂಡನ ಅಳತೆ ತೆಗೆದರು. ಮೂವತ್ತಾರು ಇಂಚು. ನಮ್ಮ ಗೋಡೆಯ ಮೇಲೆ ಅಷ್ಟು ಮೇಲೆ ಗೆರೆ ಬಿದ್ದದ್ದು ಅದೇ ಮೊದಲು. ಅಪ್ಪ ಗೆರೆಯ ಪಕ್ಕ ‘ಕಂಬ’ ಎಂದು ಬರೆದು, ಇಪ್ಪತ್ನಾಲ್ಕು ಇಂಚಿನ ಫ್ರೇಮಿನ ಕರಿ ಸೈಕಲ್ ಇಳಿಸಿದರು.

“ಅಮ್ಮಾವ್ರದೂ ಅಳತೆ ತಗೊಂಡ್ಬಿಡ್ಲಾ?” ಎಂದು ಅಪ್ಪ ಕೇಳಿದ್ದು ನನಗೆ ನೆನಪಿದೆ.

“ಇವಳಿಗ್ಯಾಕೆ ಸೈಕಲ್? ನಾನಿಲ್ವಾ?” ಎಂದರು ಕಂಬ. ಹೆಂಡತಿ ನಾಚಿಕೊಂಡು ಅತ್ತ ತಿರುಗಿದರು. ಆಮೇಲೆ ಆಕೆ ಸೀಟಿಗೂ ಹ್ಯಾಂಡಲಿಗೂ ನಡುವಿನ ಅಡ್ಡಕಂಬಿಯ ಮೇಲೆ ಒಂದು ಪಕ್ಕಕ್ಕೆ ಕಾಲು ಹಾಕಿ ಕೂತರು. ಗಂಡ ಎರಡು ಕೈಯ ನಡುವೆ ಅವರನ್ನು ಕೂರಿಸಿಕೊಂಡು ಹೊರಟುಹೋದರು.

ಹತ್ತೊಂಬತ್ತು ವರ್ಷ ಹಾಗೆಯೇ ಹೋದರು. ಆಕೆಗೆ ಪುಸ್ತಕ ಹೊಲಿದು ರಟ್ಟು ಹಾಕುವ ಬೈಂಡಿಂಗ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಊರಿಗೆಲ್ಲ ‘ಬೈಂಡಿಂಗ್ ಅಕ್ಕ’ ಆದರು. ಬೆಳಿಗ್ಗೆ ಒಂಬತ್ತಕ್ಕೆ ಐದು ನಿಮಿಷ ಇರುವಾಗ ಆ ಕರಿ ಸೈಕಲ್ ನಮ್ಮ ಅಂಗಡಿ ಮುಂದೆ ಹಾದುಹೋಗುತ್ತಿತ್ತು. ಅಕ್ಕ ಅಡ್ಡಕಂಬಿಯ ಮೇಲೆ ಊಟದ ಡಬ್ಬಿ ಹಿಡಿದು ಕೂತು ಏನೋ ಹೇಳುತ್ತಿರುತ್ತಿದ್ದರು. ಕಂಬ ತಲೆ ಬಗ್ಗಿಸಿ ಕೇಳುತ್ತಿರುತ್ತಿದ್ದರು. ವಯಸ್ಸಾಗುತ್ತಾ ಅಕ್ಕ ಸ್ವಲ್ಪ ದಪ್ಪಗಾದರು, ಕಂಬದ ಉಸಿರು ಸ್ವಲ್ಪ ಜೋರಾಯಿತು. ಮಾತು ಮಾತ್ರ ನಿಲ್ಲಲಿಲ್ಲ. ಅಷ್ಟು ವರ್ಷ ಅಷ್ಟೊಂದು ಏನು ಮಾತಾಡುತ್ತಿದ್ದರೋ ಎಂದು ನನ್ನ ಹೆಂಡತಿ ನನ್ನ ಕಡೆ ನೋಡಿ ಕೇಳುತ್ತಿದ್ದಳು. ಅವಳು ಯಾಕೆ ನನ್ನ ಕಡೆ ನೋಡುತ್ತಿದ್ದಳು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಮಧ್ಯಾಹ್ನ ಕಂಬ ತಮ್ಮ ಆಫೀಸಿನಲ್ಲಿ ಊಟ ಮುಗಿಸಿ, ಬೆಂಚಿನ ಮೇಲೆ ಕಾಲು ಚಾಚಿ ಒರಗಿದವರು ಏಳಲಿಲ್ಲ. ಅಷ್ಟು ವರ್ಷ ತಂತಿಗಳ ನಡುವೆ ಓಡಾಡಿದ ಮನುಷ್ಯ, ಹೃದಯ ನಿಂತು ಹೋದರು. ಐವತ್ತು ಕೂಡ ಆಗಿರಲಿಲ್ಲ. ಎಂಟು ದಿನ ಕಳೆದ ಮೇಲೆ ಅಕ್ಕ ಒಬ್ಬರೇ ಹೋಗಿ ಆಫೀಸಿನ ಸ್ಟ್ಯಾಂಡಿನಲ್ಲಿ ಉಳಿದಿದ್ದ ಸೈಕಲನ್ನು ಕೈಯಲ್ಲಿ ಹಿಡಿದು ನಡೆಸಿಕೊಂಡು ಮನೆಗೆ ತಂದರು.

ಮತ್ತೆ ಕೆಲಸಕ್ಕೆ ಹೋಗಲು ಶುರುಮಾಡಿದಾಗಲೂ ಹಾಗೇ ನಡೆಸಿಕೊಂಡು ಹೋಗುತ್ತಿದ್ದರು. ಸೈಕಲ್ ಓಡಿಸಲು ಬಾರದವರು ಸೈಕಲನ್ನು ಯಾಕೆ ಜೊತೆಗೆ ಒಯ್ಯುತ್ತಾರೆ ಎಂದು ಕೇಳಲು ಯಾರಿಗೂ ಬಾಯಿ ಬರಲಿಲ್ಲ. ಒಂದು ತಿಂಗಳಾದ ಮೇಲೆ, ಕಾರ್ಖಾನೆಯ ಮುಂದಿನ ಇಳಿಜಾರಿನಲ್ಲಿ, ಅದೇ ಅಡ್ಡಕಂಬಿಯ ಮೇಲೆ ಎರಡೂ ಕಡೆ ಕಾಲು ಹಾಕಿ ಕೂತರಂತೆ. ಸೈಕಲ್ ತಾನೇ ಉರುಳಿತು. ಬೀಳಲಿಲ್ಲ. ಎರಡು ವಾರದಲ್ಲಿ ಓಡಿಸುವುದನ್ನು ಕಲಿತುಬಿಟ್ಟರು. ಆದರೆ ಆ ಸವಾರಿಯನ್ನು ನೋಡಲಾಗುತ್ತಿರಲಿಲ್ಲ. ಬಟ್ಟೆ ಸುತ್ತಿದ ಕಂಬಿಯ ಮೇಲೆ ಕೂತು, ಒಂದು ಪೆಡಲ್ ತುಳಿಯಲು ಇಡೀ ಸೊಂಟ ಬಲಕ್ಕೆ ಜಾರಿಸಬೇಕು, ಇನ್ನೊಂದಕ್ಕೆ ಎಡಕ್ಕೆ. ಹತ್ತಲು ಯಾವುದಾದರೂ ಕಲ್ಲು ಬೇಕು, ನಿಲ್ಲಲು ಯಾವುದಾದರೂ ಕಂಬ ಬೇಕು. ಹಿಂದೆ ಸೀಟು ಅಷ್ಟೆತ್ತರದಲ್ಲಿ ಖಾಲಿ.

ಒಂದು ಸಲ ಗಾಳಿ ಹೊಡೆಸಲು ಬಂದಾಗ ಸ್ಪ್ಯಾನರ್ ಕೈಗೆತ್ತಿಕೊಂಡೆ. “ಅಕ್ಕಾ, ಸೀಟು ಪೂರ್ತಿ ಇಳಿಸಿಕೊಡ್ತೀನಿ. ಆಗಲೂ ನಿಮಗೆ ಎತ್ತರಾನೇ, ಆದ್ರೂ ಸ್ವಲ್ಪ—”

“ಮುಟ್ಟಬೇಡಿ” ಅಂದರು. ಅಷ್ಟು ಜೋರಾಗಿ ಅವರು ಮಾತಾಡಿದ್ದು ನಾನು ಕೇಳಿರಲಿಲ್ಲ. ಆಮೇಲೆ ಅವರಿಗೇ ಬೇಜಾರಾಗಿ, ಧ್ವನಿ ತಗ್ಗಿಸಿ, “ಈ ಕಂಬಿ ಮೇಲೆ ಕೂತ್ರೆ ಹಿಂದೆ ಒಬ್ರು ಇದಾರೆ ಅನ್ಸತ್ತೆ. ನನಗೆ ಹುಚ್ಚು ಅಂದ್ಕೊಳ್ಳಿ, ಪರವಾಗಿಲ್ಲ” ಎಂದರು.

ನಾನು ಸ್ಪ್ಯಾನರ್ ಕೆಳಗಿಟ್ಟೆ.

ಮನೆಯಲ್ಲಿ ಅಕ್ಕನ ಜೊತೆ ಇದ್ದದ್ದು ಕಂಬದ ತಂಗಿ, ಅಕ್ಕನ ನಾದಿನಿ. ಮದುವೆ ಆಗಿರಲಿಲ್ಲ. ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್. ಅಣ್ಣನ ಹಾಗೇ ಉದ್ದ. ಮಕ್ಕಳು ಹಿಂದಿನಿಂದ ‘ಟವರ್’ ಅನ್ನುತ್ತಾರೆ, ಅದು ಅವರಿಗೂ ಗೊತ್ತು. ಅಣ್ಣ ಹೋದ ಮೇಲೆ ಇಬ್ಬರು ಹೆಂಗಸರ ನಡುವೆ ಮಾತು ಒಣಗಿತ್ತು. ಅಣ್ಣನ ಸೈಕಲ್ಲಿನ ಮೇಲೆ ಅತ್ತಿಗೆ ಸರ್ಕಸ್ ಮಾಡಿಕೊಂಡು ಊರೆಲ್ಲ ಓಡಾಡುವುದು ಟೀಚರಿಗೆ ಹಿಡಿಸುತ್ತಿರಲಿಲ್ಲ. ಅಣ್ಣನಿಗಾಗಿ ಕಣ್ಣೀರು ಹಾಕದ ನಾದಿನಿ ಕಲ್ಲು ಎಂದು ಅಕ್ಕ ಅಂದುಕೊಂಡಿದ್ದರು. ಬೆಳಿಗ್ಗೆ ಒಬ್ಬರು ಅಡುಗೆ ಮಾಡಿಟ್ಟರೆ ಇನ್ನೊಬ್ಬರು ಸಂಜೆ ಪಾತ್ರೆ ತೊಳೆಯುವರು. ಒಂದೇ ಸೂರಿನ ಕೆಳಗೆ ಎರಡು ಮನೆ.

ಆಗಬೇಕಾದದ್ದು ಎರಡನೇ ವರ್ಷ ಆಯಿತು. ಸಿಗ್ನಲ್ಲಿನಲ್ಲಿ ನಿಲ್ಲುವಾಗ ಅಕ್ಕ ಯಾವಾಗಲೂ ಹಿಡಿದುಕೊಳ್ಳುತ್ತಿದ್ದ ದೀಪದ ಕಂಬಕ್ಕೆ ಅಂಟಿಕೊಂಡಂತೆ ಅವತ್ತು ಯಾರೋ ವ್ಯಾನು ನಿಲ್ಲಿಸಿದ್ದರು. ಕೈ ಚಾಚಿದರು, ಕಂಬ ಸಿಗಲಿಲ್ಲ. ಕಾಲು ಚಾಚಿದರು, ನೆಲ ಸಿಗಲಿಲ್ಲ. ನಿಂತ ಸೈಕಲ್ಲಿನಿಂದಲೇ ಬಿದ್ದರು. ಎಡ ಮಣಿಕಟ್ಟು ಮುರಿಯಿತು.

ಮರುದಿನ ಸಂಜೆ ಟೀಚರ್ ಸೈಕಲ್ಲನ್ನು ತಳ್ಳಿಕೊಂಡು ಅಂಗಡಿಗೆ ಬಂದರು. ಪೆಡಲ್ ಬಾಗಿತ್ತು, ಬ್ರೇಕಿನ ಕಡ್ಡಿ ಕಿತ್ತಿತ್ತು.

“ಇದನ್ನ ರಿಪೇರಿ ಮಾಡ್ಬೇಡಿ. ಅತ್ತಿಗೆ ಕೇಳಿದ್ರೆ ಆಗಲ್ಲ ಅಂತ ಹೇಳಿ” ಅಂದರು.

“ಸುಳ್ಳು ಹೇಳ್ಬೇಕಾ ಟೀಚರ್?”

“ಮಣಿಕಟ್ಟಲ್ಲಿ ಮುಗೀತು. ಮುಂದಿನ ಸಲ ತಲೆ ಆಗ್ಬೋದು. ನನಗೆ ಉಳಿದಿರೋದು ಅವರೊಬ್ಬರೇ.” ಇಷ್ಟು ಹೇಳಿ ಅವರು ಗಾಜಿನ ಬೀರುವಿನಲ್ಲಿದ್ದ ಗಂಟೆಗಳನ್ನೂ ಚೈನುಗಳನ್ನೂ ಬಹಳ ಹೊತ್ತು ನೋಡುತ್ತ ನಿಂತರು. ಟೀಚರ್ ಮುಖ ತೋರಿಸಲು ಇಷ್ಟವಿಲ್ಲದಾಗ ಹಾಗೆ ಮಾಡುತ್ತಾರೆಂದು ನನಗೆ ಆಮೇಲೆ ತಿಳಿಯಿತು.

“ತಪ್ಪು ಅವರದಲ್ಲ, ಸೈಕಲ್ಲಿಂದೂ ಅಲ್ಲ” ಎಂದೆ. “ಇದು ಮೂವತ್ತಾರು ಇಂಚಿನ ಕಾಲಿಗೆ ಮಾಡಿದ್ದು. ಅಕ್ಕನ ಕಾಲಿಗೆ ಬೇರೆ ಇದೆ. ಒಂದು ಸಲ ಕರ್ಕೊಂಡು ಬನ್ನಿ. ಕೊಳ್ಳೋದು ಬೇಡ, ಅಳತೆ ನೋಡೋಣ.”

“ಬರಲ್ಲ ಅವರು.”

“ರಿಪೇರಿ ಆಗಿದೆ, ಬಂದು ನೋಡಿ ಅಂದೆ ಅಂತ ಹೇಳಿ.”

“ಈಗ ನೀವೇ ಸುಳ್ಳು ಹೇಳ್ತಿದೀರಲ್ಲ” ಅಂದರು ಟೀಚರ್.

ಸುಳ್ಳಾಗಬಾರದೆಂದು ನಾನು ರಾತ್ರಿಯಾಗುವ ಮುಂಚೆ ಪೆಡಲ್ ಬದಲಾಯಿಸಿ ಬ್ರೇಕ್ ಕಟ್ಟಿದೆ. ಶನಿವಾರ ಮಧ್ಯಾಹ್ನ ಇಬ್ಬರೂ ಬಂದರು. ಅಕ್ಕನ ಕೈ ಪ್ಲಾಸ್ಟರಿನಲ್ಲಿ, ಕುತ್ತಿಗೆಯಿಂದ ಜೋತುಬಿದ್ದಿತ್ತು. ಸೈಕಲ್ಲಿನ ಸೀಟನ್ನು ಮೊದಲು ನೋಡಿದರು. ನಾನು ಅದನ್ನು ಇಳಿಸಿರಲಿಲ್ಲ. ಆಮೇಲೆ ನನ್ನ ಮುಖ ನೋಡಿದರು.

“ಅಕ್ಕಾ, ಎರಡು ನಿಮಿಷ ಒಳಗೆ ಗೋಡೆ ಹತ್ರ ನಿಂತ್ಕೊಂಡು ಹೋಗಿ. ಇಷ್ಟು ವರ್ಷದ ಗಿರಾಕಿ, ನಿಮ್ಮ ಅಳತೆ ನಮ್ಮಲ್ಲಿ ಇಲ್ಲ ಅಂದ್ರೆ ನನಗೆ ಅವಮಾನ.”

ಅಳತೆಯ ಗೋಡೆ ಇರುವುದು ಒಳಗಿನ ಕೋಣೆಯಲ್ಲಿ. ಹೆಂಗಸರ ಅಳತೆಯನ್ನು ನನ್ನ ಹೆಂಡತಿ ತೆಗೆಯುವುದು ವಾಡಿಕೆ. ಅವತ್ತು ಅವಳು ಮನೆಯಲ್ಲಿರಲಿಲ್ಲ. ಹಾಗಾಗಿ ಪುಸ್ತಕ, ಪೆನ್ಸಿಲು ಟೀಚರ್ ಕೈಗೆ ಕೊಟ್ಟೆ. ಹೇಗೆ ಹಿಡಿಯಬೇಕು, ಫ್ರೇಮಿನ ಲೆಕ್ಕ ಹೇಗೆ ಅಂತ ಹೇಳಿ ಬಾಗಿಲ ಹೊರಗೆ ಸ್ಟೂಲ್ ಹಾಕಿಕೊಂಡು ಕೂತೆ. ಒಳಗಿಂದ ಮೊದಲು ಕೇಳಿದ್ದು ಅಕ್ಕನ ಬೈಗುಳ.

“ಯಾರ್ರೀ ಇದಕ್ಕೆ ರಟ್ಟು ಹಾಕಿದ್ದು? ಬೆನ್ನಿಗೆ ಅಂಟೇ ಇಲ್ಲ, ಹೊಲಿಗೆ ಹಲ್ಲು ಕಿರಿದಂಗಿದೆ. ಅಳತೆ ತೆಗೆಯೋ ಪುಸ್ತಕ ಹೀಗಿದ್ರೆ ಅಳತೆ ಇನ್ನೆಂಗಿರತ್ತೆ!”

“ಅತ್ತಿಗೆ, ಸುಮ್ನೆ ನೆಟ್ಟಗೆ ನಿಂತ್ಕೊಳ್ಳಿ. ಹಿಮ್ಮಡಿ ಎತ್ತಬೇಡಿ.”

“ಎತ್ತಿಲ್ಲ.”

“ಎತ್ತಿದೀರಿ. ನಾನು ಇಪ್ಪತ್ತು ವರ್ಷದಿಂದ ಮಕ್ಕಳ ಮೋಸ ಹಿಡೀತಾ ಇದೀನಿ.”

ನನಗೆ ನಗು ಬಂತು. ಬಹುಶಃ ಎರಡು ವರ್ಷದಲ್ಲಿ ಅವರಿಬ್ಬರು ಒಟ್ಟಿಗೆ ಆಡಿದ ಅತಿ ಉದ್ದದ ಮಾತು ಅದು. “ಇಪ್ಪತ್ತೇಳು” ಎಂದು ಟೀಚರ್ ಒಳಗಿಂದ ಕೂಗಿದರು. “ಅಂದ್ರೆ ಹದಿನೆಂಟು ಫ್ರೇಮು” ಎಂದು ನಾನು ಹೇಳುವಷ್ಟರಲ್ಲಿ ಅವರೇ ಲೆಕ್ಕ ಮಾಡಿ ಹೇಳಿಬಿಟ್ಟರು. ಆದರೂ ಇಬ್ಬರೂ ಹೊರಗೆ ಬರಲಿಲ್ಲ. ನಾನು ಎದ್ದು ಬಾಗಿಲಲ್ಲಿ ಇಣುಕಿದೆ.

ಆ ಗೋಡೆಗೆ ಅಪ್ಪ ಯಾವತ್ತೂ ಸುಣ್ಣ ಬಳಿಸಲಿಲ್ಲ, ಅವರ ನಂತರ ನಾನೂ ಬಳಿಸಿರಲಿಲ್ಲ. ನೂರಾರು ಗೆರೆಗಳು, ಪಕ್ಕದಲ್ಲಿ ಅಪ್ಪನ ಸಣ್ಣ ಅಕ್ಷರ. ‘ಬಡಗಿ’, ‘ಪೋಸ್ಟಿನವರು’, ‘ಹಾಲಿನವನ ಮಗಳು’. ಎಲ್ಲಕ್ಕಿಂತ ಮೇಲೆ ಒಂಟಿಯಾಗಿ ಒಂದು ಗೆರೆ, ‘ಕಂಬ’. ಅಕ್ಕ ಅದರ ಎದುರು ನಿಂತಿದ್ದರು. ಗೆರೆ ಅವರ ಹೊಕ್ಕುಳಿನ ನೇರಕ್ಕೆ ಬರುತ್ತಿತ್ತು. ಪ್ಲಾಸ್ಟರ್ ಇಲ್ಲದ ಕೈಯಿಂದ ಅದನ್ನು ಮುಟ್ಟಲು ಹೋಗಿ, ಅಳಿಸಿಹೋದೀತೆಂದು ಬೆರಳನ್ನು ಗೋಡೆಯಿಂದ ಕೂದಲೆಳೆಯಷ್ಟು ದೂರದಲ್ಲೇ ನಿಲ್ಲಿಸಿದ್ದರು.

“ಇಲ್ಲೇ ಇತ್ತಾ ಇದು” ಎಂದರು. “ಮನೇಲಿ ಅವರ ಅಂಗಿ ಇದೆ, ಚಪ್ಪಲಿ ಇದೆ. ಎತ್ತರ ಎಲ್ಲೂ ಇರ್ಲಿಲ್ಲ.”

ಟೀಚರ್ ಚಪ್ಪಲಿ ಬಿಟ್ಟರು. ಅತ್ತಿಗೆಯ ಪಕ್ಕದಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು ಪುಸ್ತಕ ತೆಗೆದುಕೊಂಡರು. ನಾನು ಹಿಂದೆ ಸರಿದೆ. ಸ್ವಲ್ಪ ಹೊತ್ತಿಗೆ ಅಕ್ಕನೇ ಟೇಪು ಹಿಡಿದುಕೊಂಡು ಹೊರಗೆ ಬಂದರು. ಹೆಬ್ಬೆರಳಿನ ಉಗುರು ಮೂವತ್ತೈದೂವರೆಯ ಮೇಲೆ ಒತ್ತಿ ಹಿಡಿದಿದ್ದರು. “ನೋಡಿ, ಅರ್ಧ ಇಂಚು ಅಷ್ಟೇ ಕಮ್ಮಿ. ಅರ್ಧ ಇಂಚು ಒಂದು ಲೆಕ್ಕಾನಾ?” ಅವರ ಹಿಂದೆ ಬಂದ ಟೀಚರ್ ಕಣ್ಣು ಕೆಂಪಗಿತ್ತು. ಈ ಸಲ ಬೀರು ನೋಡಲು ಹೋಗಲಿಲ್ಲ.

ಅವತ್ತು ಏನೂ ಕೊಳ್ಳಲಿಲ್ಲ. ಕರಿ ಸೈಕಲ್ಲನ್ನು ಟೀಚರ್ ತಳ್ಳಿಕೊಂಡು, ಪಕ್ಕದಲ್ಲಿ ಅಕ್ಕ ನಡೆದುಕೊಂಡು ಹೋದರು.

ಪ್ಲಾಸ್ಟರ್ ಬಿಚ್ಚಿದ ವಾರ ಅಕ್ಕ ತಾವಾಗಿಯೇ ಬಂದರು. ಬಗಲಲ್ಲಿ ನನ್ನ ಅಳತೆಯ ಪುಸ್ತಕ. ಅವತ್ತು ಹೇಳದೆ ಕೇಳದೆ ತೆಗೆದುಕೊಂಡು ಹೋಗಿದ್ದರು. ಹೊಸ ರಟ್ಟು, ಬಟ್ಟೆಯ ಬೆನ್ನು, ಮೂಲೆಗಳಿಗೆ ತೊಗಲು ಹಾಕಿ ತಂದಿದ್ದರು. ಮೇಜಿನ ಮೇಲೆ ಇಟ್ಟು, “ತೋರಿಸಿ, ಆ ಹದಿನೆಂಟನ್ನ” ಎಂದರು.

ನನ್ನ ಹತ್ತಿರ ಅಡ್ಡಕಂಬಿ ಕೆಳಕ್ಕೆ ಇಳಿದ, ಹದಿನೆಂಟು ಇಂಚಿನ ಎರಡು ಇದ್ದವು. ಮೊದಲನೆಯದರ ಕಂಬಿಯ ಎರಡೂ ಕಡೆ ಕಾಲು ಹಾಕಿಸಿ ನಿಲ್ಲಿಸಿದೆ. ಎರಡು ಪಾದವೂ ಪೂರ್ತಿ ನೆಲಕ್ಕೆ, ಕಂಬಿಗೂ ದೇಹಕ್ಕೂ ನಡುವೆ ಎರಡು ಬೆರಳು ಜಾಗ. ಅದು ಸರಿ. ಆದರೆ ಮೊಣಕೈಯನ್ನು ಸೀಟಿನ ಮೂತಿಗೆ ತಾಗಿಸಿ ಕೈ ಚಾಚಲು ಹೇಳಿದಾಗ ಬೆರಳ ತುದಿ ಹ್ಯಾಂಡಲಿಗೆ ನಾಲ್ಕು ಬೆರಳು ದೂರದಲ್ಲಿ ಉಳಿಯಿತು. ಎತ್ತರ ಹೊಂದಿದರೆ ಸಾಲದು, ಉದ್ದವೂ ಹೊಂದಬೇಕು. ಇಲ್ಲದಿದ್ದರೆ ಭುಜ ಹಿಡಿಯುತ್ತದೆ, ಮುರಿದು ಕೂಡಿದ ಮಣಿಕಟ್ಟಿನ ಮೇಲೆ ಭಾರ ಬೀಳುತ್ತದೆ. ಎರಡನೆಯದರಲ್ಲಿ ಬೆರಳು ಹ್ಯಾಂಡಲನ್ನು ಸರಿಯಾಗಿ ಮುಟ್ಟಿತು. ಬಣ್ಣ ಮಾತ್ರ ಕಣ್ಣಿಗೆ ಹೊಡೆಯುವ ಕಿತ್ತಳೆ.

“ಈ ಬಣ್ಣದಲ್ಲಿ ನಾನು ಕಾರ್ಖಾನೆಗೆ ಹೋದ್ರೆ ಬೆಂಕಿ ಬಿತ್ತು ಅಂತ ನೀರು ಹೊಯ್ತಾರೆ” ಎಂದರು. ಆದರೂ ಸೀಟಿನ ಮೇಲೆ ಕೂತರು. ನಲವತ್ತೈದನೇ ವಯಸ್ಸಿನಲ್ಲಿ, ಸೈಕಲ್ ಸೀಟಿನ ಮೇಲೆ ಮೊದಲನೇ ಸಲ. ಬೀದಿಯ ತುದಿಯವರೆಗೆ ಹೋಗಿ, ತಿರುಗಿಸಿ, ವಾಪಸು ಬಂದರು. ಸೊಂಟ ಅತ್ತಿತ್ತ ಜಾರಲಿಲ್ಲ. ನನ್ನ ಮುಂದೆ ಬ್ರೇಕ್ ಹಿಡಿದು ಎರಡೂ ಕಾಲು ನೆಲಕ್ಕಿಟ್ಟು ನಿಂತರು.

“ಹೆಂಗಿದೆ ಅಕ್ಕಾ?”

“ಬೆನ್ನಿಗೆ ಗಾಳಿ ತಾಗ್ತಿದೆ” ಎಂದರು. ಹ್ಯಾಂಡಲಿನ ಮೇಲೆ ಬಗ್ಗಿ, ಗಂಟೆಯನ್ನು ಎರಡು ಸಲ ಸುಮ್ಮನೆ ಬಾರಿಸಿದರು. ನಾನು ಟೈರಿನ ಗಾಳಿ ನೋಡಿದೆ. ಅದರಲ್ಲಿ ಗಾಳಿ ಸರಿಯಾಗಿಯೇ ಇತ್ತು.

ಕಿತ್ತಳೆ ಸೈಕಲ್ಲನ್ನೇ ಒಯ್ದರು. ಆಮೇಲಿನದ್ದನ್ನು ನಾನು ಶಾಲೆಯ ಮೈದಾನದ ಬೇಲಿಯಾಚೆಯಿಂದ ನೋಡಿದೆ. ಭಾನುವಾರ ಬೆಳಿಗ್ಗೆ, ಮಕ್ಕಳಿಲ್ಲದ ಹೊತ್ತಿನಲ್ಲಿ, ಅಣ್ಣನ ಸೈಕಲ್ಲಿನ ಮೇಲೆ ತಂಗಿ. ಹುಡುಗಿಯಾಗಿದ್ದಾಗ ಸೈಕಲ್ ಮುಟ್ಟಗೊಡದ ಮನೆಯಂತೆ ಅದು. ಅಣ್ಣನಿಗೆ ಸಿಕ್ಕಿದ್ದು ತಂಗಿಗೆ ಸಿಕ್ಕಿರಲಿಲ್ಲ. ಹಿಂದೆ ಸೀಟನ್ನು ಹಿಡಿದುಕೊಂಡು ಓಡುತ್ತಿದ್ದವರು ಅಕ್ಕ. ಆ ಸೀಟು ಅವರ ಎದೆಯ ಮಟ್ಟಕ್ಕೆ ಬರುತ್ತಿತ್ತು. “ಮುಂದೆ ನೋಡಿ, ಮುಂದೆ! ಚಕ್ರ ನೋಡಬೇಡಿ!” ಎಂದು ಏದುಸಿರಿನಲ್ಲಿ ಕೂಗುತ್ತಿದ್ದರು. “ಬಿಡಬೇಡಿ ಅತ್ತಿಗೆ, ಬಿಡಬೇಡಿ” ಎಂದು ಲೆಕ್ಕದ ಟೀಚರ್ ಮೂರನೇ ಕ್ಲಾಸಿನ ಮಗುವಿನ ಹಾಗೆ ಅರಚುತ್ತಿದ್ದರು. ಅಕ್ಕ ಆಗಲೇ ಬಿಟ್ಟಾಗಿತ್ತು. ಮೈದಾನದ ನಡುವೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು. ಉದ್ದ ಕಾಲುಗಳು ಮೇಲೆ ಕೆಳಗೆ ಆಡುತ್ತ, ಬೆನ್ನು ಸ್ವಲ್ಪ ಬಾಗಿಸಿ, ಸೈಕಲ್ ದೂರ ಹೋಗುತ್ತಿತ್ತು. ಹಿಂದಿನಿಂದ ನೋಡಿದರೆ ಥೇಟ್ ಅವರ ಅಣ್ಣನೇ. ಅಕ್ಕ ಒಂದು ಕೈಯನ್ನು ಸೊಂಟದಿಂದ ತೆಗೆದು ಬಾಯಿಗೆ ಇಟ್ಟುಕೊಂಡದ್ದು ನನಗೆ ಕಂಡಿತು. ನಾನು ಅಲ್ಲಿ ನಿಲ್ಲಲಿಲ್ಲ.

ಆಮೇಲೆ ಒಂದು ವರ್ಷ ಇಬ್ಬರೂ ಬೆಳಿಗ್ಗೆ ಒಟ್ಟಿಗೆ ಹೋಗುತ್ತಿದ್ದರು. ಟೀಚರ್ ಮುಂದೆ, ಅಕ್ಕ ಹಿಂದೆ. ದಾರಿಯುದ್ದಕ್ಕೂ ಮಾತು, ಜಗಳ, ಮತ್ತೆ ಮಾತು. ಯಾವಾಗಲೂ ಹಿಂದೆಯೇ ಯಾಕೆ ಎಂದು ನನ್ನ ಹೆಂಡತಿ ಕೇಳಿದ್ದಕ್ಕೆ “ಅವಳು ಕಲಿತು ಇನ್ನೂ ಎಷ್ಟು ದಿನ ಆಯ್ತು, ಬಿದ್ದುಗಿದ್ರೆ?” ಎಂದರಂತೆ. ಟೀಚರ್ ಬೀಳುವವರಲ್ಲ ಎಂದು ಎಲ್ಲರಿಗೂ ಗೊತ್ತು. ಈ ವರ್ಷ ಟೀಚರಿಗೆ ಊರಿನ ಇನ್ನೊಂದು ತುದಿಯ ಶಾಲೆಗೆ ವರ್ಗವಾಗಿದೆ. ಅವರು ಏಳಕ್ಕೇ ಹೊರಡುತ್ತಾರೆ. ಅಕ್ಕ ಒಂಬತ್ತಕ್ಕೆ ಐದು ನಿಮಿಷ ಇರುವಾಗ ಒಬ್ಬರೇ ಹಾದುಹೋಗುತ್ತಾರೆ, ನನಗೆ ಗಂಟೆ ಬಾರಿಸಿ.

ಕಳೆದ ಭಾನುವಾರ ಊರ ಹೊರಗಿನ ಗೋದಾಮಿನಿಂದ ಟೈರು ತರಲು ಹೋಗಿದ್ದೆ. ಮನೆಗಳೆಲ್ಲ ಮುಗಿದು ಕರೆಂಟಿನ ಕಂಬಗಳ ಸಾಲು ಮಾತ್ರ ಮುಂದುವರಿಯುವ ಕಡೆ, ರಸ್ತೆ ಎರಡಾಗುವಲ್ಲಿ ಕಿತ್ತಳೆ ಬಣ್ಣ ಕಂಡಿತು. ಅಕ್ಕ ಒಂದು ಕಾಲನ್ನು ಆರಾಮಾಗಿ ನೆಲಕ್ಕೆ ಊರಿ ಕಡಲೆಕಾಯಿ ತಿನ್ನುತ್ತ ನಿಂತಿದ್ದರು.

“ಏನಕ್ಕಾ, ಇಷ್ಟು ದೂರ?”

“ಇಲ್ಲೆಲ್ಲೋ ಒಂದು ಕೆರೆ ಇದೆಯಂತೆ” ಎಂದರು. “ಅವರು ಲೈನ್ ಎಳೆಯೋಕೆ ಬಂದಾಗ ನೋಡಿದ್ರಂತೆ. ಬಿಳಿ ಹಕ್ಕಿಗಳು ಬರುತ್ವೆ, ಒಂದು ಭಾನುವಾರ ಕರ್ಕೊಂಡು ಹೋಗ್ತೀನಿ ಅಂತಿದ್ರು. ಯಾವ ಭಾನುವಾರ ಅಂತ ಹೇಳಿರ್ಲಿಲ್ಲ.”

“ಸಿಕ್ತಾ?”

“ಮೂರು ವಾರ ಆಯ್ತು ಹುಡುಕ್ತಾ. ಬಲಗಡೆ ದಾರಿ ಪೂರ್ತಿ ನೋಡಾಯ್ತು. ಇಟ್ಟಿಗೆ ಗೂಡು, ಆಮೇಲೆ ಬರೀ ಬಯಲು.” ಸಿಪ್ಪೆಗಳನ್ನು ಜೇಬಿಗೆ ಹಾಕಿಕೊಂಡರು. “ನಿಮಗೇನಾದ್ರೂ ಗೊತ್ತಾ?”

ನನಗೆ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಈ ಊರಲ್ಲಿದ್ದೇನೆ, ಈ ಕಡೆ ಕೆರೆಯ ಹೆಸರನ್ನೇ ಕೇಳಿಲ್ಲ. ಇದ್ದರೂ ಇಷ್ಟು ವರ್ಷದಲ್ಲಿ ಒಣಗಿರಬಹುದು ಎಂದು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ಹೊತ್ತು ಏರುತ್ತಿದೆ, ಜೊತೆಗೆ ಬರಲೇ ಎಂದು ಕೇಳಿದೆ.

“ಬೇಡ ಬೇಡ, ನೀವು ಹೋಗಿ. ಅಂಗಡಿ ಇದೆ ನಿಮಗೆ” ಎಂದು, ಕಾಲನ್ನು ಪೆಡಲಿನ ಮೇಲಿಟ್ಟು, ಎಡಗಡೆಯ ದಾರಿ ಹಿಡಿದರು.